ಬೈಕಿಗೆ ಆರ್‌ಎಸ್‌ಎ ಕೊಳ್ಳುವ ಮುನ್ನ: ಟೋಯಿಂಗ್ ಷರತ್ತು ಓದುವುದು ಹೇಗೆ

ಹೊಸ ಬೈಕ್ ಬುಕ್ ಮಾಡುವಾಗಲೂ ಇನ್ಶೂರೆನ್ಸ್ ರಿನ್ಯೂ ಮಾಡುವಾಗಲೂ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ಆರ್‌ಎಸ್‌ಎ ಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ. ಜೊತೆಗೊಂದು ಪಟ್ಟಿ: ಪಂಕ್ಚರ್, ಬ್ಯಾಟರಿ, ಪೆಟ್ರೋಲ್, ಕಳೆದುಹೋದ ಕೀ, ಟೋಯಿಂಗ್, 24 ಗಂಟೆ ಸಹಾಯವಾಣಿ. ಯಾವ ಕಂಪನಿಯ ಪಟ್ಟಿ ತೆಗೆದರೂ ಹೆಚ್ಚುಕಡಿಮೆ ಇದೇ ಇರುತ್ತದೆ. ಹೋಲಿಸಬೇಕಾದ್ದು ಷರತ್ತುಗಳನ್ನು. ಅವುಗಳಲ್ಲೂ ಮೊದಲು ಟೋಯಿಂಗ್ ಷರತ್ತನ್ನು, ಏಕೆಂದರೆ ಪಂಕ್ಚರ್ ಅಂಗಡಿ ಹೇಗೋ ಸಿಗುತ್ತದೆ. ಕ್ಲಚ್ ಪ್ಲೇಟ್ ಸುಟ್ಟುಹೋದ ಗಾಡಿಯನ್ನು ಘಾಟಿಯಿಂದ ಊರು ಮುಟ್ಟಿಸುವವರು ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಈಗಾಗಲೇ ಏನಿದೆ ನೋಡಿ

ಆರ್‌ಎಸ್‌ಎ ಮೂರು ಕಡೆಯಿಂದ ಬರುತ್ತದೆ: ಬೈಕ್ ತಯಾರಿಸಿದ ಕಂಪನಿಯಿಂದ, ಇನ್ಶೂರೆನ್ಸ್‌ಗೆ ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ಆಡ್-ಆನ್ ಆಗಿ, ಇಲ್ಲವೇ ಇದೇ ಕೆಲಸ ಮಾಡುವ ಖಾಸಗಿ ಸಂಸ್ಥೆಯ ವಾರ್ಷಿಕ ಸದಸ್ಯತ್ವವಾಗಿ. ಹೊಸ ಗಾಡಿಯಾದರೆ ಕಂಪನಿಯ ಆರ್‌ಎಸ್‌ಎ ಇನ್‌ವಾಯ್ಸ್‌ನಲ್ಲೇ ಸೇರಿರಬಹುದು. ಅದು ಗೊತ್ತಿಲ್ಲದೆ ಆಡ್-ಆನ್‌ಗೂ ದುಡ್ಡು ಕಟ್ಟುವವರು ಬಹಳ. ಓನರ್ಸ್ ಮ್ಯಾನ್ಯುಯಲ್, ವಾರಂಟಿ ಪುಸ್ತಕ, ಇನ್‌ವಾಯ್ಸ್ ಈ ಮೂರನ್ನೂ ತೆಗೆದು ಯಾವ ದಿನಾಂಕದವರೆಗೆ ಇದೆ ಎಂದು ನೋಡಿ. ಸರ್ವಿಸನ್ನು ಸರಿಯಾದ ಸಮಯಕ್ಕೆ ಅಧಿಕೃತ ಕೇಂದ್ರದಲ್ಲೇ ಮಾಡಿಸಿರಬೇಕು ಎಂಬ ಷರತ್ತು ಇದೆಯೇ ಎಂಬುದನ್ನೂ ನೋಡಿ.

ಇನ್ಶೂರೆನ್ಸ್ ವಿಷಯದಲ್ಲಿ ಜನ ಎಡವುವ ಜಾಗ ಬೇರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹೀಗಾಗಿ ಪಾಲಿಸಿಯ ಮೇಲೆ 5 ವರ್ಷ ಎಂದಿರುತ್ತದೆ. ಆದರೆ ನಿಮ್ಮ ಗಾಡಿಯ ಹಾನಿಗೆ ಸಂಬಂಧಿಸಿದ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ 1 ವರ್ಷಕ್ಕೇ ಮುಗಿಯುತ್ತದೆ. ಆರ್‌ಎಸ್‌ಎ ಆಡ್-ಆನ್ ಅಂಟಿಕೊಂಡಿರುವುದು ಈ ಓನ್ ಡ್ಯಾಮೇಜ್‌ಗೆ. ಎರಡನೇ ವರ್ಷ ಅದನ್ನು ರಿನ್ಯೂ ಮಾಡದಿದ್ದರೆ ಪೊಲೀಸರು ತಡೆದಾಗ ತೋರಿಸಲು ವಿಮೆ ಇರುತ್ತದೆ, ಆರ್‌ಎಸ್‌ಎ ಇರುವುದಿಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಬೇರೆ ಬೇರೆ ಅವಧಿಗಳು ಮುದ್ರಿತವಾಗಿರುತ್ತವೆ. ಓನ್ ಡ್ಯಾಮೇಜ್ ಎದುರಿನ ದಿನಾಂಕವನ್ನು ನೋಡಿ. ಓನ್ ಡ್ಯಾಮೇಜ್ ಒಂದನ್ನೇ ಪ್ರತ್ಯೇಕವಾಗಿ ಕೊಳ್ಳಲು 2019ರ ಸೆಪ್ಟೆಂಬರ್‌ನಿಂದ ಅವಕಾಶವಿದೆ, ಥರ್ಡ್ ಪಾರ್ಟಿ ಇರುವ ಕಂಪನಿಯಲ್ಲೇ ಮಾಡಿಸಬೇಕೆಂದಿಲ್ಲ. ಹಳೆಯ ಓನ್ ಡ್ಯಾಮೇಜ್ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಕೂಡ ಹೋಗುತ್ತದೆ.

"ಫುಲ್ ಇನ್ಶೂರೆನ್ಸ್ ಇದೆಯಲ್ಲ, ಟೋಯಿಂಗ್ ಅದರಲ್ಲೇ ಬರುತ್ತೆ" ಎಂದು ಹಲವರು ನಂಬಿರುತ್ತಾರೆ. ಮಾಮೂಲಿ ಪಾಲಿಸಿಯ ಒಕ್ಕಣೆಯಲ್ಲಿ ಅಪಘಾತವಾದ ದ್ವಿಚಕ್ರ ವಾಹನವನ್ನು ಗ್ಯಾರೇಜಿಗೆ ಸಾಗಿಸಲು ಕೊಡುವ ಮಿತಿ 300 ರೂ. ಅದೂ ಅಪಘಾತಕ್ಕೆ ಮಾತ್ರ. ಎಂಜಿನ್ ತಾನಾಗಿ ಕೆಟ್ಟು ನಿಂತರೆ ಆ 300 ಕೂಡ ಸಿಗುವುದಿಲ್ಲ. ಆರ್‌ಎಸ್‌ಎ ಬೇಕಾಗುವುದು ಇದಕ್ಕೇ.

ಕಿಲೋಮೀಟರ್ ಲೆಕ್ಕ

"50 ಕಿ.ಮೀ.ವರೆಗೆ ಉಚಿತ ಟೋಯಿಂಗ್" ಎಂಬ ಸಾಲಿಗೆ ಎರಡು ಅರ್ಥ ಸಾಧ್ಯ. ಗಾಡಿ ಕೆಟ್ಟ ಜಾಗದಿಂದ ಗ್ಯಾರೇಜಿಗೆ 50 ಎಂಬುದು ಒಂದು. ಟೋಯಿಂಗ್ ವಾಹನ ತನ್ನ ಜಾಗದಿಂದ ಹೊರಟು, ನಿಮ್ಮ ಹತ್ತಿರ ಬಂದು, ಗಾಡಿ ಇಳಿಸಿ ವಾಪಸ್ ಹೋಗುವವರೆಗೆ ಒಟ್ಟು 50 ಎಂಬುದು ಇನ್ನೊಂದು. ಸಕಲೇಶಪುರದಲ್ಲಿ ಬೈಕ್ ನಿಂತಿದೆ, ಟೋಯಿಂಗ್ ವಾಹನವೂ ಸರ್ವಿಸ್ ಸೆಂಟರೂ ಹಾಸನದಲ್ಲಿವೆ ಎಂದುಕೊಳ್ಳಿ. ದೂರ ಸುಮಾರು 40 ಕಿ.ಮೀ. ಮೊದಲ ಲೆಕ್ಕದಲ್ಲಿ ನೀವು ಕೊಡಬೇಕಾದ್ದು ಏನೂ ಇಲ್ಲ. ಎರಡನೆಯದರಲ್ಲಿ 80 ಕಿ.ಮೀ. ಆಯಿತು, 30 ಕಿ.ಮೀ. ಹಣ ನಿಮ್ಮ ಕೈಯಿಂದ. ಮಿತಿ ಮೀರಿದ ಪ್ರತಿ ಕಿ.ಮೀ. ದರ ಎಷ್ಟು, ಅದನ್ನು ಪಾಲಿಸಿಯಲ್ಲಿ ಬರೆದಿದೆಯೇ, ಅಥವಾ ಡ್ರೈವರ್ ಆ ಹೊತ್ತಿಗೆ ಹೇಳಿದ್ದೇ ದರವೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ.

ಎಲ್ಲಿಗೆ ಒಯ್ಯುತ್ತಾರೆ ಎಂಬುದು ಅಷ್ಟೇ ಮುಖ್ಯ. "ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್" ಎಂದಿದ್ದರೆ ನಿಮ್ಮ ಬ್ರ್ಯಾಂಡಿನ ಕೇಂದ್ರವೇ, ಅವರ ಒಪ್ಪಂದದ ಗ್ಯಾರೇಜೇ? ಹೀರೋ, ಹೋಂಡಾ, ಟಿವಿಎಸ್, ಬಜಾಜ್‌ಗಳಿಗೆ ತಾಲ್ಲೂಕು ಕೇಂದ್ರದಲ್ಲೂ ಸರ್ವಿಸ್ ಸಿಗುವುದು ಸಾಮಾನ್ಯ. ಟ್ರಯಂಫ್, ಕವಾಸಾಕಿಯಂಥ ಗಾಡಿಗಳಿಗೆ ಬೆಂಗಳೂರು ಅಥವಾ ದೊಡ್ಡ ನಗರವೇ ಗತಿಯಾಗಬಹುದು, ಅಂಥವರಿಗೆ 50 ಕಿ.ಮೀ. ಕವರ್ ಸಾಲದು. ನೀವು ಹೆಚ್ಚಾಗಿ ಓಡಾಡುವ ದಾರಿಯನ್ನು ಮ್ಯಾಪಿನಲ್ಲಿ ತೆರೆದು, ಅದರ ಮೇಲಿನ ಸರ್ವಿಸ್ ಸೆಂಟರುಗಳನ್ನು ಗುರುತಿಸಿ, ಎರಡು ಕೇಂದ್ರಗಳ ನಡುವಿನ ಅತಿ ಉದ್ದದ ಅಂತರವನ್ನು ಅಳೆಯಿರಿ. ಅದರ ಅರ್ಧವೇ ನಿಮಗೆ ಬೇಕಾದ ಒಂದು ಬದಿಯ ಕನಿಷ್ಠ ದೂರ. ಹೋಗಿಬರುವ ಲೆಕ್ಕದ ಪಾಲಿಸಿಯಾದರೆ ಇಡೀ ಅಂತರ ಬೇಕು. ಊರೊಳಗೇ ಆಫೀಸಿಗೆ ಓಡಾಡುವ ಸ್ಕೂಟರಿಗೆ 20-25 ಕಿ.ಮೀ. ಧಾರಾಳ.

ಸಹಾಯವಾಣಿಗೆ ಕರೆ ಮಾಡಿ ಒಂದು ಸಂದರ್ಭ ಕೊಟ್ಟು ಕೇಳಿದರೆ ಕರಪತ್ರ ಹೇಳದ್ದು ಹೊರಬರುತ್ತದೆ. "ಶನಿವಾರ ರಾತ್ರಿ 10 ಗಂಟೆ, ಆಗುಂಬೆಯಲ್ಲಿ ಬೈಕ್ ಕೆಟ್ಟಿದೆ, ಭಾನುವಾರ ಸರ್ವಿಸ್ ಸೆಂಟರ್ ರಜೆ. ಗಾಡಿಯನ್ನು ಎಲ್ಲಿಡುತ್ತೀರಿ? ಸೋಮವಾರ ಅಲ್ಲಿಂದ ಸೆಂಟರಿಗೆ ಸಾಗಿಸುವುದು ಇದೇ ಸೇವೆಯಲ್ಲಿ ಸೇರುತ್ತದೆಯೋ, ಇನ್ನೊಂದು ಸೇವೆ ಎಂದು ಎಣಿಸುತ್ತೀರೋ?" ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿ ಬಹುತೇಕ ಪ್ಲಾನ್‌ಗಳಲ್ಲಿ ಇರುತ್ತದೆ, ಆದ್ದರಿಂದ ಈ ಪ್ರಶ್ನೆ ಮುಖ್ಯ. ಉತ್ತರವನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ. ಫೋನಿನಲ್ಲಿ "ಎಲ್ಲಾ ಕವರ್ ಆಗುತ್ತೆ ಸರ್" ಎಂದವರು ಬರೆದುಕೊಡಲು ಹಿಂಜರಿದರೆ ಆ ಪ್ಲಾನ್ ಬಿಡಿ.

ಯಾವ ವಾಹನದಲ್ಲಿ

ಕಾರು ಮತ್ತು ಬೈಕಿಗೆ ಒಂದೇ ಪ್ಲಾನ್ ಮಾರುವ ಕಡೆ ಈ ಪ್ರಶ್ನೆ ಕೇಳಲೇಬೇಕು. ಕಾರಿನ ಮುಂಚಕ್ರ ಎತ್ತಿ ಎಳೆಯುವ ಕ್ರೇನ್ ಬೈಕಿಗೆ ಪ್ರಯೋಜನವಿಲ್ಲ. ಬೈಕನ್ನು ಫ್ಲಾಟ್‌ಬೆಡ್ ಮೇಲೆ ನಿಲ್ಲಿಸಿಯೇ ಸಾಗಿಸಬೇಕು. ಸಣ್ಣ ಊರುಗಳಲ್ಲಿ ಟಾಟಾ ಏಸ್‌ನಂಥ ಗೂಡ್ಸ್ ಗಾಡಿಯೇ ಬರುವುದುಂಟು. ಹಲಗೆ ಹಾಕಿ ಹತ್ತಿಸಿ ಸರಿಯಾಗಿ ಕಟ್ಟಿದರೆ ಅದೂ ಆಗುತ್ತದೆ.

ಕಟ್ಟುವುದನ್ನು ಪಕ್ಕದಲ್ಲೇ ನಿಂತು ನೋಡಿ. ಮುಂಚಕ್ರ ವಾಹನದ ಮುಂದಿನ ಗೋಡೆಗೆ ಅಥವಾ ಚಾಕ್‌ಗೆ (ಚಕ್ರ ಉರುಳದಂತೆ ತಡೆಯುವ ಅಡ್ಡೆ) ಒತ್ತಿರಬೇಕು. ರ‍್ಯಾಚೆಟ್ ಬೆಲ್ಟ್ ಎರಡನ್ನು ಫೋರ್ಕಿನ ಕೆಳಗಿನ ಟ್ರಿಪಲ್ ಕ್ಲ್ಯಾಂಪಿನಿಂದ (ಫೋರ್ಕಿನ ಎರಡೂ ಕಾಲುಗಳನ್ನು ಹಿಡಿದಿರುವ ಭಾಗ) ಎರಡೂ ಬದಿಗೆ ಮುಂದಕ್ಕೆ ಎಳೆದು, ಫೋರ್ಕ್ ಸುಮಾರು ಅರ್ಧ ಕುಗ್ಗುವವರೆಗೆ ಬಿಗಿಯಬೇಕು. ಪೂರ್ತಿ ಕುಗ್ಗಿಸಿದರೆ ಫೋರ್ಕ್ ಸೀಲಿಗೆ ಪೆಟ್ಟು. ಹಿಂದೆ ಇನ್ನೆರಡು ಬೆಲ್ಟ್, ಸಬ್‌ಫ್ರೇಮಿಗೆ ಅಥವಾ ಪಿಲಿಯನ್ ಫುಟ್‌ರೆಸ್ಟಿನ ಬ್ರ್ಯಾಕೆಟ್ಟಿಗೆ. ಹ್ಯಾಂಡಲ್ ಗ್ರಿಪ್, ಸೈಲೆನ್ಸರ್, ಬ್ರೇಕ್ ಹೋಸ್ ಮೇಲೆ ಯಾವ ಬೆಲ್ಟೂ ಹಾಯಬಾರದು. ಗಾಡಿ ಮೊದಲ ಗೇರಿನಲ್ಲಿರಲಿ, ಹ್ಯಾಂಡಲ್ ಲಾಕ್ ತೆಗೆದಿರಲಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ಪ್ರತಿ ಹಳ್ಳಕ್ಕೂ ಇಡೀ ಭಾರ ಸ್ಟ್ಯಾಂಡಿನ ಬುಡಕ್ಕೆ ಬಿದ್ದು, ಅದು ಬಾಗಬಹುದು, ಬುಡವೇ ಬಿರುಕು ಬಿಡಬಹುದು. ಬೆಲ್ಟ್ ಇಲ್ಲದೆ ಹಗ್ಗ ತಂದಿದ್ದರೆ ಟ್ಯಾಂಕಿಗೆ ತಾಗುವ ಕಡೆಯೆಲ್ಲ ಬಟ್ಟೆ ಮಡಚಿ ಇಡಿ.

ಪಂಕ್ಚರ್, ಬ್ಯಾಟರಿ, ಪೆಟ್ರೋಲ್

ಪಂಕ್ಚರ್ ಸೇವೆ ಎಂದರೆ ಬಹುತೇಕ ಟ್ಯೂಬ್‌ಲೆಸ್ ಟೈರಿಗೆ ಸ್ಥಳದಲ್ಲೇ ಪ್ಲಗ್ ಹಾಕುವುದು. ನಿಮ್ಮದು ಟ್ಯೂಬ್ ಇರುವ ಸ್ಪೋಕ್ ಚಕ್ರವಾದರೆ (ಹೀರೋ ಎಕ್ಸ್‌ಪಲ್ಸ್ 200, ಹಳೆಯ ಹಿಮಾಲಯನ್ 411) ಚಕ್ರ ಬಿಚ್ಚಬೇಕು, ಟ್ಯೂಬ್ ಹೊರತೆಗೆಯಬೇಕು, ಅದಕ್ಕೆ ತಕ್ಕ ಸ್ಪ್ಯಾನರ್ ಬೇಕು. ಆಗ ಸ್ಥಳದಲ್ಲೇ ಮಾಡುತ್ತಾರೋ, ಅಂಗಡಿಗೆ ಸಾಗಿಸುತ್ತಾರೋ ಕೇಳಿ. ಟ್ಯೂಬಿನ ಬೆಲೆ ಸಾಮಾನ್ಯವಾಗಿ ನಿಮ್ಮದೇ.

ಫ್ಯುಯೆಲ್ ಇಂಜೆಕ್ಷನ್ ಗಾಡಿಯ ಬ್ಯಾಟರಿ ಪೂರ್ತಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡುವುದು ಕಷ್ಟ, ಏಕೆಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೂ ಗಾಡಿಯೊಳಗಿನ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡುವ) ಸೇವೆ ಇರುವ ಪ್ಲಾನ್ ಇಂಥ ಗಾಡಿಗೆ ಉಪಯೋಗ. ಬಂದವರು ಕಾರಿನ ಬ್ಯಾಟರಿಯಿಂದ ಕೇಬಲ್ ಕೊಡುವುದಾದರೆ ಕಾರಿನ ಎಂಜಿನ್ ಆಫ್ ಇರಲಿ.

ಪೆಟ್ರೋಲ್ ತಂದುಕೊಡುವ ಸೇವೆಯಲ್ಲಿ ತಂದುಕೊಡುವುದು ಉಚಿತ, ಪೆಟ್ರೋಲಿನ ಹಣ ಬೇರೆ. ಬಾಟಲಿಗೆ ಪೆಟ್ರೋಲ್ ಕೊಡಲು ಬಂಕಿನವರು ಒಪ್ಪದ ಕಾರಣ ಈ ಸೇವೆಗೆ ಬೆಲೆಯಿದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಇದರ ಬದಲು, ಚಾರ್ಜ್ ಮುಗಿದರೆ ಚಾರ್ಜಿಂಗ್ ಜಾಗದವರೆಗೆ ಸಾಗಿಸುತ್ತಾರೆಯೇ ಎಂದು ನೋಡಿ.

ಸ್ಥಳದಲ್ಲೇ ಸಣ್ಣ ರಿಪೇರಿ ಎಂದಿದ್ದರೂ ಬರುವ ಮೆಕ್ಯಾನಿಕ್ ಹತ್ತಿರ ನಿಮ್ಮ ಗಾಡಿಯ ಕ್ಲಚ್ ಕೇಬಲ್ ಇರುವುದಿಲ್ಲ. ದೂರದ ದಾರಿಗೆ ಒಂದು ಕ್ಲಚ್ ಕೇಬಲ್, ನಿಮ್ಮ ಚೈನ್ ಅಳತೆಯ ಒಂದು ಲಾಕ್ (ಚೈನ್ ಜೋಡಿಸುವ ಕೊಂಡಿ), ಗಾಡಿಯ ಫ್ಯೂಸ್ ಬಾಕ್ಸಿನಲ್ಲಿರುವ ಆಂಪಿಯರಿನದೇ ಎರಡೆರಡು ಫ್ಯೂಸ್, ಒಂದು ಸ್ಪಾರ್ಕ್ ಪ್ಲಗ್ ಸೀಟಿನಡಿ ಇಟ್ಟುಕೊಂಡರೆ ಅವರ ಕೈಗೆ ಕೆಲಸ ಸಿಗುತ್ತದೆ.

ಬರುವುದಿಲ್ಲ ಎನ್ನುವ ಸಂದರ್ಭಗಳು

ಹೊರಗಿಟ್ಟಿರುವ ಸಂದರ್ಭಗಳ ಪುಟವನ್ನು ಪೂರ್ತಿ ಓದಿ. ಕೊಂಡ ಮೊದಲ ಕೆಲವು ದಿನ ಸೇವೆ ಇಲ್ಲ ಎಂಬುದು ಪ್ರತ್ಯೇಕ ಸದಸ್ಯತ್ವಗಳಲ್ಲಿ ಕಾಣುವ ಷರತ್ತು. ಗಾಡಿ ಕೆಟ್ಟ ಮೇಲೆ ಕೊಂಡು ಆ ದಿನವೇ ಕರೆಸಿಕೊಳ್ಳಬಾರದು ಎಂದು ಅದನ್ನಿಟ್ಟಿರುತ್ತಾರೆ. ಮನೆ ಬಾಗಿಲಲ್ಲಿ ಸ್ಟಾರ್ಟ್ ಆಗದಿದ್ದರೆ ಬರುತ್ತಾರೆಯೇ, ಮನೆಯಿಂದ ಇಷ್ಟು ದೂರ ಇರಬೇಕೆಂದಿದೆಯೇ? ಗಾಡಿಯ ವಯಸ್ಸಿನ ಮಿತಿ ಎಷ್ಟು? ಡೆಲಿವರಿಗೋ ಬೈಕ್ ಟ್ಯಾಕ್ಸಿಗೋ ಓಡಿಸುವ ಗಾಡಿಯಾದರೆ ಖಾಸಗಿ ಬಳಕೆಯ ಪ್ಲಾನ್ ನಿರಾಕರಿಸಬಹುದು, ಅದನ್ನು ಮುಚ್ಚಿಟ್ಟು ಕೊಳ್ಳಬೇಡಿ. ಕಾಫಿ ತೋಟದೊಳಗಿನ ದಾರಿ, ಜೀಪ್ ಮಾತ್ರ ಹೋಗುವ ಬೆಟ್ಟದ ದಾರಿ, ಹೊಳೆಯ ದಂಡೆ ಇವು ವಾಹನ ಓಡಾಡುವ ರಸ್ತೆ ಎಂಬ ವ್ಯಾಖ್ಯೆಯ ಹೊರಗೆ ಬೀಳಬಹುದು. ಗುಂಡಿಗೆ ಬಿದ್ದ ಗಾಡಿಯನ್ನು ಮೇಲೆತ್ತುವ ಖರ್ಚು ಟೋಯಿಂಗಿನಲ್ಲಿ ಸೇರದೆ ಬೇರೆಯಾಗಿರುವುದೂ ಉಂಟು.

ಪಾಲಿಸಿ ಏನೇ ಹೇಳಲಿ, ರಸ್ತೆಯದೂ ಒಂದು ಷರತ್ತಿದೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. ಸಂಜೆ ತಡವಾಗಿ ಅಲ್ಲಿ ಕೆಟ್ಟರೆ ಟೋಯಿಂಗ್ ವಾಹನ ಚೆಕ್‌ಪೋಸ್ಟಿನ ಆಚೆಯೇ ನಿಲ್ಲಬೇಕಾದೀತು. ಕಾಡಿನಲ್ಲಿ ಗಾಡಿ ನಿಂತರೆ ಇಳಿದು ತಳ್ಳಿಕೊಂಡು ಹೋಗದೆ, ದಾರಿಯಲ್ಲಿ ಹೋಗುವವರ ಮೂಲಕ ಅರಣ್ಯ ಚೆಕ್‌ಪೋಸ್ಟಿಗೆ ತಿಳಿಸಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಓಡಿಸುವಂತಿಲ್ಲ. ಲೊಕೇಶನ್ ಕಳಿಸುವಾಗ ಸರ್ವಿಸ್ ರಸ್ತೆಯಲ್ಲಿದ್ದೇನೆ, ಇಂಥ ಊರಿಗೆ ಹೋಗುವ ಬದಿ ಎಂದು ಬಾಯಲ್ಲೂ ಹೇಳಿ. ಇಲ್ಲದಿದ್ದರೆ ಡ್ರೈವರ್ ಮೇಲಿನ ಪಥದಲ್ಲಿ ಹುಡುಕುತ್ತಾನೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಸಿಗ್ನಲ್ ಇಲ್ಲದ ತಿರುವುಗಳಿವೆ. ಆ್ಯಪ್ ಮೂಲಕ ಮಾತ್ರ ಸೇವೆ ಕೊಡುವ ಪ್ಲಾನ್ ಅಲ್ಲಿಗೆ ಬೇಡ, ಸಾಮಾನ್ಯ ಕರೆಗೆ ನಂಬರ್ ಇರಬೇಕು.

ಆ ನಂಬರನ್ನು ಪಾಲಿಸಿ ಪತ್ರದಿಂದಲೇ ತೆಗೆದು ಮೊಬೈಲಿನಲ್ಲಿ ಸೇವ್ ಮಾಡಿ, ಒಂದು ಚೀಟಿಯಲ್ಲೂ ಬರೆದು ಗಾಡಿಯಲ್ಲಿಡಿ. ಕೆಟ್ಟು ನಿಂತಾಗ ಗೂಗಲ್‌ನಲ್ಲಿ ಹುಡುಕಬೇಡಿ. ಕಂಪನಿಯ ಹೆಸರಿನಲ್ಲಿ ಮೋಸಗಾರರು ಹಾಕಿದ ನಂಬರುಗಳು ಅಲ್ಲಿರುತ್ತವೆ. ಮೊದಲೇ ಹಣ ಕಳಿಸಿ ಎಂದು ಲಿಂಕ್ ಕೊಟ್ಟರೆ ಕರೆ ಕಡಿಯಿರಿ.

ಕರೆ ಮಾಡಿದ ಮೇಲೆ

ಬೈಕನ್ನು ರಸ್ತೆಯಿಂದ ಇಳಿಸಿ, ಇಂಡಿಕೇಟರ್ ಹಾಕಿ, ನೀವು ಗಾಡಿಯಿಂದ ದೂರ, ಹಿಂದಿನಿಂದ ಬರುವವರಿಗೆ ಕಾಣುವಂತೆ ನಿಲ್ಲಿ. ದೂರಿನ ನಂಬರ್, ಬರುವ ವಾಹನದ ನಂಬರ್, ಡ್ರೈವರ್ ಫೋನ್, ಎಷ್ಟು ಹೊತ್ತು ಎಂಬುದು ಇವಿಷ್ಟೂ ಮೆಸೇಜಿನಲ್ಲಿ ಬರಬೇಕು. ವಾಹನ ಸಿಗುತ್ತಿಲ್ಲ, ನೀವೇ ವ್ಯವಸ್ಥೆ ಮಾಡಿಕೊಳ್ಳಿ ಎಂದರೆ, ಎಷ್ಟು ರೂಪಾಯಿವರೆಗೆ ವಾಪಸ್ ಕೊಡುತ್ತೀರಿ ಎಂಬ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೇ ಬೇರೆ ಗಾಡಿ ಕರೆಯಿರಿ, ಬಿಲ್ ತೆಗೆದುಕೊಳ್ಳಿ. ಇನ್ನೊಬ್ಬರು ಬೈಕಿನಿಂದ ಕಾಲಿಟ್ಟು ತಳ್ಳಿಕೊಂಡು ಹೋಗುವುದು ಹೆದ್ದಾರಿಯಲ್ಲಿ, ಇಳಿಜಾರಿನಲ್ಲಿ ಬೇಡವೇ ಬೇಡ.

ಗಾಡಿ ಹತ್ತಿಸುವ ಮುನ್ನ ನಾಲ್ಕೂ ಬದಿಯ ಫೋಟೊ, ಓಡೊಮೀಟರ್ ಫೋಟೊ ತೆಗೆಯಿರಿ. ಟ್ಯಾಂಕ್ ಬ್ಯಾಗ್, ಮೊಬೈಲ್ ಮೌಂಟ್, ದಾಖಲೆ ಬಿಚ್ಚಿಕೊಳ್ಳಿ. ಗೀರುಗಳನ್ನು ನಮೂದಿಸಿದ ರಸೀದಿಗೆ ಸಹಿ ಮಾಡಿ, ಖಾಲಿ ಕಾಗದಕ್ಕೆ ಮಾಡಬೇಡಿ. ಮಳೆನೀರಿನಲ್ಲಿ ಮುಳುಗಿ ನಿಂತ ಗಾಡಿಯಾದರೆ ಸೆಲ್ಫ್ ಒತ್ತಲೇಬೇಡಿ. ನೀರು ಸಿಲಿಂಡರಿಗೆ ಹೋಗಿದ್ದರೆ ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು, ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ ಆ ನಷ್ಟವನ್ನು ವಿಮೆಯವರು ಒಪ್ಪುವುದು ಕಷ್ಟ. ನೇರವಾಗಿ ಟೋ ಮಾಡಿಸಿ.

ಅಪಘಾತವಾಗಿದ್ದರೆ ಮೊದಲ ಕರೆ 112ಕ್ಕೆ ಅಥವಾ 108ಕ್ಕೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ. ಆಂಬುಲೆನ್ಸ್, ಗಸ್ತು ವಾಹನ ಕಳಿಸಲು, ನಿಂತ ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಸರಿಸಲು ಅದು ನೆರವಾಗುತ್ತದೆ. ಆರ್‌ಎಸ್‌ಎ ಕರೆ ಆಮೇಲೆ.

ಸೇವೆ ಸಿಗದೆ ದೂರು ಕೊಡಬೇಕಾದರೆ ಎಲ್ಲಿಂದ ಕೊಂಡಿರಿ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಇನ್ಶೂರೆನ್ಸ್ ಆಡ್-ಆನ್ ಆಗಿದ್ದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗ, ಅಲ್ಲಿ ಆಗದಿದ್ದರೆ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ ಅದರ ಸಹಾಯವಾಣಿ 155255. ಖಾಸಗಿ ಸದಸ್ಯತ್ವ ವಿಮೆಯಲ್ಲ, ಅದನ್ನು ಐಆರ್‌ಡಿಎಐ ನೋಡುವುದಿಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಎರಡೂ ಕಡೆ ದೂರಿನ ನಂಬರ್, ಮೆಸೇಜುಗಳ ಸ್ಕ್ರೀನ್‌ಶಾಟ್, ಕೈಯಿಂದ ಕೊಟ್ಟ ಹಣದ ಬಿಲ್ ಲಗತ್ತಿಸಿ.