ಬೆಳಗಿನ ಜಾವ ಮೂರಕ್ಕೇ ಎಚ್ಚರವಾದರೆ ಏನು ಮಾಡಬೇಕು?

ಅಮ್ಮ ದಿನಾ ಮೂರು ಗಂಟೆಗೆ ಏಳುತ್ತಿದ್ದರು. ನಾಲ್ಕರೊಳಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಅಡುಗೆಮನೆಯಲ್ಲಿ ಒಬ್ಬರೇ ಸುಮ್ಮನೆ ಕೂತಿರುತ್ತಿದ್ದರು. ‘ನಿಮ್ಮಮ್ಮ ಬ್ರಾಹ್ಮೀ ಮುಹೂರ್ತಕ್ಕೆ ಏಳ್ತಾರೆ, ಪುಣ್ಯವಂತರು’ ಎಂದು ನೆಂಟರು ಹೇಳಿದರೆ ನಮಗೂ ಹೆಮ್ಮೆ. ಊಟ ಕಡಿಮೆಯಾಗಿತ್ತು, ರವಿಕೆ ಸಡಿಲವಾಗಿತ್ತು, ಮಾತು ನಿಂತೇಹೋಗಿತ್ತು. ಇದ್ಯಾವುದನ್ನೂ ಆ ಮೂರು ಗಂಟೆಯ ಜೊತೆ ಸೇರಿಸಿ ನೋಡಲು ನಮಗೆ ತಿಳಿಯಲಿಲ್ಲ. ಐದಾರು ತಿಂಗಳಾದ ಮೇಲೆ ವೈದ್ಯರೊಬ್ಬರು, ‘ಎದ್ದ ತಕ್ಷಣ ಮನಸ್ಸು ಹೇಗಿರುತ್ತಮ್ಮಾ?’ ಎಂದು ಕೇಳಿದರು. ‘ಎದೆ ಮೇಲೆ ರುಬ್ಬುಗುಂಡು ಇಟ್ಟ ಹಾಗಿರುತ್ತೆ ಡಾಕ್ಟ್ರೇ. ಸಂಜೆ ಹೊತ್ತಿಗೆ ಸ್ವಲ್ಪ ಹಗುರಾಗುತ್ತೆ’ ಎಂದರು ಅಮ್ಮ. ಮನೆಯಲ್ಲಿ ನಾವ್ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಆ ಪ್ರಶ್ನೆ ಕೇಳುವುದು.

ಎಚ್ಚರ ಯಾವ ಬಗೆಯದು?

ರಾತ್ರಿ ಒಂಬತ್ತಕ್ಕೇ ಮಲಗಿ ನಾಲ್ಕಕ್ಕೆ ಎದ್ದು, ಲವಲವಿಕೆಯಿಂದ ವಾಕಿಂಗ್ ಹೊರಡುವ ಅಜ್ಜನ ನಿದ್ದೆ ಮುಗಿದಿದೆ. ವಯಸ್ಸಾದಂತೆ ಬೇಗ ನಿದ್ದೆ ಬಂದು ಬೇಗ ಎಚ್ಚರವಾಗುವುದು ಸಹಜ, ಅದಕ್ಕೆ ಚಿಕಿತ್ಸೆ ಬೇಡ. ಆದರೆ ರೂಢಿಯ ಹೊತ್ತಿಗಿಂತ 2 ಗಂಟೆ ಅಥವಾ ಇನ್ನೂ ಮೊದಲೇ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಬೆಳಗ್ಗೆ ಮನಸ್ಸು ಭಾರವಾಗಿದ್ದು ಹೊತ್ತೇರಿದಂತೆ ಸ್ವಲ್ಪ ತಿಳಿಯಾಗುತ್ತದೆ ಎಂದರೆ, ಅದು ಖಿನ್ನತೆಯ ಲಕ್ಷಣವಿರಬಹುದು. ಆತಂಕ ಹೆಚ್ಚಿರುವವರಿಗೆ ಸಾಮಾನ್ಯವಾಗಿ ಮಲಗಿದ ಕೂಡಲೇ ನಿದ್ದೆ ಬರುವುದೇ ಕಷ್ಟ. ನಡುರಾತ್ರಿ ಎಚ್ಚರವಾದರೂ ಎದೆ ಡವಡವ ಅನ್ನುತ್ತಿರುತ್ತದೆ, ಸಾಲದ ಕಂತು, ಮಗಳ ಮದುವೆ, ನಾಳೆಯ ಮೀಟಿಂಗ್ ಎಲ್ಲ ಒಟ್ಟಿಗೇ ತಲೆಗೆ ನುಗ್ಗುತ್ತವೆ. ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ.

ಅದೇ ಹೊತ್ತಿಗೆ ಯಾಕೆ? ನಮ್ಮ ಗಾಢ ನಿದ್ದೆ ಬಹುಪಾಲು ರಾತ್ರಿಯ ಮೊದಲರ್ಧದಲ್ಲೇ ಮುಗಿಯುತ್ತದೆ. ಆಮೇಲಿನದು ತೆಳು ನಿದ್ದೆ, ಕನಸಿನ ನಿದ್ದೆ. ಸುಮಾರು 90 ನಿಮಿಷಕ್ಕೊಂದು ಸುತ್ತು ಮುಗಿದಾಗ ಎಲ್ಲರಿಗೂ ಅರೆಕ್ಷಣ ಎಚ್ಚರವಾಗುವುದುಂಟು, ನೆನಪಿರುವುದಿಲ್ಲ ಅಷ್ಟೆ. ಬೆಳಗಿನ ಜಾವಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ದೇಹವನ್ನು ಹಗಲಿಗೆ ಅಣಿಮಾಡಲು ಏರತೊಡಗುತ್ತದೆ. ಖಿನ್ನತೆ, ಆತಂಕಗಳಲ್ಲಿ ಈ ಲಯ ಏರುಪೇರಾಗುವುದುಂಟು, ಆಗ ಅರೆಕ್ಷಣದ ಎಚ್ಚರ ಪೂರ್ತಿ ಎಚ್ಚರವಾಗಿಬಿಡಬಹುದು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಹೇಳಿ ಇಂಥವರ ಬಾಯಿ ಮುಚ್ಚಿಸುವುದು ನನಗೆ ಸರಿಕಾಣುವುದಿಲ್ಲ. ಅವರು ಬೇಕೆಂದು ಚಿಂತೆ ಹಚ್ಚಿಕೊಂಡವರಲ್ಲ.

ಎರಡು ವಾರ ಬರೆದಿಡಿ

ಗೋಡೆಯ ಕ್ಯಾಲೆಂಡರಿನ ಚೌಕಗಳೇ ಸಾಕು. ಮಲಗಿದ್ದು ಎಷ್ಟಕ್ಕೆ, ಎಚ್ಚರವಾಗಿದ್ದು ಎಷ್ಟಕ್ಕೆ, ಹಾಸಿಗೆ ಬಿಟ್ಟಿದ್ದು ಎಷ್ಟಕ್ಕೆ, ಎದ್ದಾಗ ಮತ್ತು ಸಂಜೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಎಲ್ಲವನ್ನೂ ಬೆಳಗಾದ ಮೇಲೆ ಅಂದಾಜಿನಲ್ಲಿ ಬರೆಯಿರಿ, ರಾತ್ರಿ ಗಡಿಯಾರ ನೋಡಿ ಅಲ್ಲ.

ಎಚ್ಚರವಾದ ಆ ಗಳಿಗೆ

ಎಲ್ಲರೂ ತಪ್ಪುವುದು ಇಲ್ಲೇ. ಕೈ ತಾನಾಗಿ ದಿಂಬಿನ ಪಕ್ಕದ ಮೊಬೈಲಿಗೆ ಹೋಗುತ್ತದೆ. 3:10 ಎಂದು ಕಂಡ ಕೂಡಲೇ ಲೆಕ್ಕ ಶುರು: ಇನ್ನು ಮೂರು ಗಂಟೆಯೂ ಇಲ್ಲ, ನಾಳೆ ಕೆಲಸ ಹೇಗೆ ಮಾಡಲಿ? ಆ ಲೆಕ್ಕವೇ ಉಳಿದ ನಿದ್ದೆಯನ್ನೂ ಓಡಿಸುತ್ತದೆ. ಅದಕ್ಕೇ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ.

ಅಂದಾಜು 15–20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ, ಅಥವಾ ಹೊರಳಾಡಿ ಸಿಟ್ಟು ಬರತೊಡಗಿದರೆ, ಹಾಸಿಗೆ ಬಿಟ್ಟೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ಮುಂದಿಟ್ಟ ವಿಧಾನವಿದು. ದಿನಾ ಎಚ್ಚರವಿದ್ದು ಒದ್ದಾಡಿದರೆ, ಹಾಸಿಗೆ ಎಂದರೆ ಒದ್ದಾಡುವ ಜಾಗ ಎಂದೇ ಮನಸ್ಸು ಕಲಿತುಬಿಡುತ್ತದೆ. ಆ ಕಲಿಕೆಯನ್ನು ಬಿಡಿಸಬೇಕು. ಒಂದೇ ಕೋಣೆಯ ಮನೆಯಾದರೆ ಮೂಲೆಯಲ್ಲೊಂದು ಚಾಪೆಯೋ ಕುರ್ಚಿಯೋ ಸಾಕು. ಮಂದ ಬೆಳಕಿನಲ್ಲಿ ಹೂ ಕಟ್ಟಿ, ಬಟ್ಟೆ ಮಡಚಿ, ಜಪ ಮಾಡುವ ರೂಢಿಯಿದ್ದರೆ ಮಾಡಿ. ಮನೆ ಗುಡಿಸುವುದು, ಲೆಕ್ಕ ಬರೆಯುವುದು ಬೇಡ. ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಮರಳಿ. ನಿದ್ದೆ ಬರಲೇ ಇಲ್ಲವೇ? ನಿಗದಿ ಮಾಡಿಕೊಂಡ ಹೊತ್ತಿಗೆ ದಿನ ಶುರುಮಾಡಿ.

ಮಲಗುವ ಹೊತ್ತನ್ನು ಮುಂದಕ್ಕೆ ಹಾಕಿ

ನಿದ್ದೆ ಕಡಿಮೆಯಾದವರು ಬೇಗ ಮಲಗಿ ಸರಿದೂಗಿಸಲು ನೋಡುತ್ತಾರೆ. ಅದರಿಂದ ಎಚ್ಚರ ಇನ್ನೂ ಬೇಗ ಆಗುತ್ತದೆ. ನಿಮ್ಮ ಕ್ಯಾಲೆಂಡರ್ ನೋಡಿ. ಹಾಸಿಗೆಯಲ್ಲಿ ಕಳೆದದ್ದು 8 ಗಂಟೆ, ಸರಾಸರಿ ನಿದ್ದೆ 6 ಗಂಟೆ ಎಂದಿಟ್ಟುಕೊಳ್ಳೋಣ. ಏಳುವುದು 5:30ಕ್ಕೆ ಎಂದು ನಿಗದಿ ಮಾಡಿ, ಮಲಗುವುದು 11:30ಕ್ಕೆ. ಭಾನುವಾರವೂ ಅಷ್ಟೇ. ಹಾಸಿಗೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾಗತೊಡಗಿದರೆ ವಾರಕ್ಕೊಮ್ಮೆ 15 ನಿಮಿಷ ಬೇಗ ಮಲಗಿ. ಮೊದಲ ವಾರ ಹಗಲೆಲ್ಲ ತೂಕಡಿಕೆ ಬರುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹಾಸಿಗೆಯ ಹೊತ್ತನ್ನು 5 ಗಂಟೆಗಿಂತ ಕಡಿಮೆ ಮಾಡಲೇಬೇಡಿ. ಮೂರ್ಛೆರೋಗ ಅಥವಾ ಬೈಪೋಲಾರ್ ಸಮಸ್ಯೆ (ಮನಸ್ಸು ಕೆಲಕಾಲ ಅತಿಯಾಗಿ ಉಬ್ಬುವುದು, ಕೆಲಕಾಲ ತೀರಾ ಕುಗ್ಗುವುದು) ಇರುವವರು, ಲಾರಿ, ಬಸ್ಸು ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಇವೆಲ್ಲ ಸಿಬಿಟಿ–ಐ ಎಂಬ, ನಿದ್ದೆ ಕೆಡಿಸುವ ಯೋಚನೆ ಮತ್ತು ರೂಢಿಗಳನ್ನು ಮಾತ್ರೆಯಿಲ್ಲದೆ ತಿದ್ದುವ ಚಿಕಿತ್ಸೆಯ ಭಾಗಗಳು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ.

ಹಗಲಲ್ಲಿ

ಎದ್ದ ಮೇಲೆ ಅರ್ಧ ಗಂಟೆ ಬಿಸಿಲಿಗೆ ಹೋಗಿ. ಮಧ್ಯಾಹ್ನದ ನಂತರ ಕಾಫಿ ಬೇಡ, ಕುಡಿದು 5–6 ಗಂಟೆಯಾದರೂ ಅದರ ಕೆಫೀನಿನಲ್ಲಿ ಸುಮಾರು ಅರ್ಧ ದೇಹದಲ್ಲೇ ಇರುತ್ತದೆ. ‘ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ’ ಎನ್ನುವವರಿಗೆ ನಿದ್ದೆ ಬರುವುದು ನಿಜ, ನಡುರಾತ್ರಿ ಕಳೆದ ಮೇಲೆ ಅದೇ ಮದ್ಯ ನಿದ್ದೆ ಕೆಡಿಸುವುದೂ ನಿಜ. ಸಂಜೆ ಆರರ ಹೊತ್ತಿಗೆ ಕಾಲು ಗಂಟೆ ಕೂತು, ತಲೆಯಲ್ಲಿರುವ ಚಿಂತೆಗಳನ್ನೆಲ್ಲ ಕಾಗದಕ್ಕೆ ಇಳಿಸಿ, ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದೇ ಒಂದು ಕೆಲಸ ಬರೆಯಿರಿ. ಮೂರು ಗಂಟೆಗೆ ಅದೇ ಚಿಂತೆ ಬಂದರೆ ‘ಇದನ್ನು ಬರೆದಾಗಿದೆ’ ಎನ್ನಬಹುದು.

ವೈದ್ಯರ ಬಳಿ ಯಾವಾಗ?

ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಕಡಿಮೆಯಾಗುವುದು, ‘ನಾನು ಯಾರಿಗೂ ಬೇಡ’ ಎಂಬ ಭಾವ ಎರಡು ವಾರ ಹೆಚ್ಚುಕಮ್ಮಿ ದಿನಾ ಇದ್ದರೆ ಮನೆಮದ್ದಿಗೆ ಕಾಯಬೇಡಿ. ಸಾಯುವ ಯೋಚನೆ ಬಂದರೆ ಎರಡು ವಾರವೂ ಬೇಡ, ಎರಡು ಗಂಟೆಯೂ ಬೇಡ. ಮನೆಯವರನ್ನು ಎಬ್ಬಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕೆಂದಿಲ್ಲ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವುದು, ಮುಟ್ಟು ನಿಲ್ಲುವ ಕಾಲದ ಬಿಸಿ ಏರಿಕೆ ಇವುಗಳಿಂದಲೂ ನಿದ್ದೆ ಕೆಡುವುದರಿಂದ ಅವನ್ನೂ ಪರೀಕ್ಷಿಸುತ್ತಾರೆ. ಕ್ಯಾಲೆಂಡರ್ ಹಾಳೆಯನ್ನು ಮರೆಯದೆ ಒಯ್ಯಿರಿ.

ಪಕ್ಕದ ಮನೆಯವರ ನಿದ್ದೆ ಮಾತ್ರೆ ಮಾತ್ರ ನುಂಗಬೇಡಿ. ಅಂಥ ಹಲವು ಮಾತ್ರೆಗಳು ಚಟವಾಗಿ ಹಿಡಿದುಕೊಳ್ಳುತ್ತವೆ. ಖಿನ್ನತೆಯ ಮಾತ್ರೆಗಳ ಸ್ವಭಾವ ಬೇರೆ. ಅವುಗಳ ಗುಣ ಕಾಣಲು ಕೆಲವು ವಾರ ಬೇಕು, ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸುವಂತಿಲ್ಲ. ಅಮ್ಮನೂ ಮೊದಲ ಹತ್ತು ದಿನ ‘ಇದರಿಂದ ಏನೂ ಆಗಲ್ಲ’ ಎಂದು ಬಿಡಲು ಹೊರಟಿದ್ದರು. ತಂಗಿ ದಿನಾ ರಾತ್ರಿ ಫೋನ್ ಮಾಡಿ ಮಾತ್ರೆ ನುಂಗಿಸಿದಳು. ಮೂರನೇ ತಿಂಗಳಲ್ಲಿ ಒಂದು ದಿನ ಅಮ್ಮ ಐದೂಮುಕ್ಕಾಲಿಗೆ ಎದ್ದು ಬಂದು, ‘ಹಾಲಿನವನು ಆಗಲೇ ಬಂದು ಹೋದನಾ?’ ಎಂದು ಕೇಳಿದರು.