ಉಬ್ಬಿದ ಬ್ಯಾಟರಿ, ಮಾಯವಾದ ಇಂಜಿನ್‌ಗಳು

ಕಲಬುರಗಿಯ ಮೇ ತಿಂಗಳು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮಾಳಿಗೆ ಮೇಲೆ ತಗಡಿನ ಒಂದು ಖೋಲಿ ಇದೆ. ನನ್ನ ಆಟದ ರೈಲು ಇರೋದು ಅಲ್ಲೇ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಲೆ ವಾಡಿ ಜಂಕ್ಷನ್ನನ್ನು ನನಗೆ ತಿಳಿದಂತೆ ಕಟ್ಟಿದ್ದೇನೆ. ಆಟದ ರೈಲುಗಳಲ್ಲಿ ಎಚ್‌ಒ ಅನ್ನೋ ಅಳತೆ, ಹಳಿಗಳ ನಡುವೆ 16.5 ಮಿಲಿಮೀಟರ್. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದ್‌ನಿಂದ ವಾಡಿಗೆ ಬಂದು ಕೂಡಿತಲ್ಲ, ಆ ತಿರುವು ನನ್ನ ಹಲಗೆ ಮೇಲೆ ಒಂದೂವರೆ ಅಡಿಗೇ ಮುಗಿದುಹೋಗುತ್ತದೆ.

ಇಂಜಿನ್ ಓಡಿಸೋದು ಹಳೇ ಮೊಬೈಲ್‌ನಿಂದ. ‘ಇಂಜಿನ್ ಡ್ರೈವರ್’ ಅನ್ನೋ ಪುಕ್ಕಟೆ ಆ್ಯಪ್ ಹಾಕಿ, ಎರಡು ಮೊಬೈಲ್‌ಗಳನ್ನು ರಿಮೋಟ್ ಮಾಡಿಕೊಂಡಿದ್ದೆ. ಕೆಳಗೆ ಹಲಗೆಗೆ ಆರ್ಡುಯಿನೊ ಮೆಗಾ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು, ಅದರೊಳಗೆ ಹಳಿಯ ಮೂಲಕ ಇಂಜಿನ್‌ಗಳಿಗೆ ಆದೇಶ ಕಳಿಸುವ ಡಿಸಿಸಿ-ಇಎಕ್ಸ್ ಪ್ರೋಗ್ರಾಂ. ಪಕ್ಕದಲ್ಲಿ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಜೆಎಂಆರ್‌ಐ ಅನ್ನೋ ಆಟದ ರೈಲಿನ ಸಾಫ್ಟ್‌ವೇರ್. ಇಷ್ಟೇ ಸಂಸಾರ.

ಒಂದು ಭಾನುವಾರ ಮೇಲೆ ಹೋಗಿ ನೋಡಿದರೆ, ಮೊದಲನೇ ಮೊಬೈಲ್‌ನ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. ರಿಪೇರಿ ಅಂಗಡಿಯ ಹುಡುಗ ಕೈಯಲ್ಲಿ ಹಿಡಿದ ಕೂಡಲೇ, ‘ಬ್ಯಾಟ್ರಿ ಉಬ್ಬ್ಯಾದ್ರಿ ಸರ, ಚಾರ್ಜಿಗಿ ಹಾಕಬ್ಯಾಡ್ರಿ’ ಅಂದ. ತಗಡಿನ ಕೆಳಗೆ ಮೊಬೈಲ್ ಬಿಟ್ಟವನು ನಾನೇ, ಯಾರನ್ನು ಬೈಯಲಿ?

ಹೋದದ್ದು ಬರೀ ಮೊಬೈಲಲ್ಲ. ಎಂಟು ಇಂಜಿನ್‌ಗಳ ಹೆಸರು, ಯಾವ ಗುಂಡಿ ಒತ್ತಿದರೆ ಹಾರ್ನು, ಯಾವುದಕ್ಕೆ ಲೈಟು, ಗೂಡ್ಸಿಗೆ ಹಾಕುವ ಜೋಡಿ ಇಂಜಿನ್‌ಗಳ ಪಟ್ಟಿ, ಎಲ್ಲಾ ಅದರಲ್ಲೇ ಇತ್ತು. ಪರವಾಗಿಲ್ಲ, ಎರಡನೇ ಮೊಬೈಲ್ ಇದೆಯಲ್ಲ ಅಂದುಕೊಂಡೆ. ಅದರಲ್ಲಿ ಸೆಟ್ಟಿಂಗ್ಸ್ ಎಕ್ಸ್‌ಪೋರ್ಟ್ ಕೂಡ ಮಾಡಿಟ್ಟಿದ್ದೆ. ಅಷ್ಟರಲ್ಲಿ ಅಣ್ಣನ ಮಗ ಬಂದು, ‘ಕಾಕಾ, ಆ್ಯಪ್ ಭಾಳ ಹ್ಯಾಂಗ್ ಆಗ್ಲಕತ್ತಿತ್ತು, ತೆಗ್ದು ಮತ್ತ ಹಾಕೀನಿ’ ಅಂದ. ಒಳ್ಳೇ ಕೆಲಸ ಮಾಡಿದ ಖುಷಿ ಅವನ ಮುಖದಲ್ಲಿ.

ಎಕ್ಸ್‌ಪೋರ್ಟ್ ಮಾಡಿದ ಫೈಲು ಬಿದ್ದಿದ್ದು ಆ್ಯಪ್‌ನ ಸ್ವಂತ ಫೋಲ್ಡರಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆದರೆ ಆ ಫೋಲ್ಡರೂ ಅದರ ಜೊತೆಗೇ ಹೋಗುತ್ತದೆ. ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಹುಡುಗನಿಗೆ ಏನೂ ಅನ್ನಲಿಲ್ಲ. ಚಹಾ ಕುಡಿದು, ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಏನೇನು ಎಲ್ಲೆಲ್ಲಿ ಇದೆ ಅಂತ ಬರೆಯುತ್ತಾ ಹೋದಾಗಲೇ ನನಗೆ ವಿಷಯ ತಿಳಿದದ್ದು. ರಿಮೋಟ್ ಕೈಯಲ್ಲಿ ಇರೋದರಿಂದ ಎಲ್ಲಾ ಅದರಲ್ಲೇ ಇದೆ ಅನಿಸುತ್ತದೆ. ಹಾಗಲ್ಲ. ಇಂಜಿನ್ನಿನ ನಂಬರು, ಎಷ್ಟು ಬೇಗ ವೇಗ ಹಿಡಿಯಬೇಕು, ಎಷ್ಟು ದೂರಕ್ಕೆ ನಿಲ್ಲಬೇಕು, ಇವೆಲ್ಲ ಇಂಜಿನ್ನಿನ ಹೊಟ್ಟೆಯೊಳಗೆ ಕೂತು ಆದೇಶ ಓದುವ ಡಿಕೋಡರ್ ಅನ್ನೋ ಸಣ್ಣ ಸರ್ಕ್ಯೂಟಿನಲ್ಲಿ ಇರುತ್ತವೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳ ಪಟ್ಟಿ ಮೆಗಾ ಬೋರ್ಡಿನಲ್ಲಿ. ಹೆಸರು, ಗುಂಡಿ, ಪರದೆಯ ಜೋಡಣೆ ಮಾತ್ರ ಮೊಬೈಲ್‌ನಲ್ಲಿ. ಮೂರು ಕಡೆ ಸಾಮಾನು ಇದ್ದರೆ ಬ್ಯಾಕಪ್ಪೂ ಮೂರು ಬೇಕಲ್ವಾ?

ಮೊದಲು ಡಿಕೋಡರ್‌ಗಳನ್ನು ಹಿಡಿದೆ. ಜೆಎಂಆರ್‌ಐ ಒಳಗಿನ ಡಿಕೋಡರ್‌ಪ್ರೊ ಅವುಗಳ ಸಿವಿಗಳನ್ನು ಓದಿಕೊಳ್ಳುತ್ತದೆ. ಸಿವಿ ಅಂದರೆ ನಂಬರು ಹಾಕಿದ ಸಣ್ಣ ಸಣ್ಣ ಖಾನೆಗಳು, ಒಂದೊಂದರಲ್ಲಿ 0ಯಿಂದ 255ರವರೆಗಿನ ಒಂದು ಅಂಕಿ. ಇಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿ ಮೇಲೆ ಇಟ್ಟು ಓದಿಸಬೇಕು. ಡಿಕೋಡರ್‌ಗೆ ಬಾಯಿಲ್ಲ. ‘ಹೌದು’ ಅನ್ನಬೇಕಾದಾಗ ಮೋಟರನ್ನು ಒಂದು ಕ್ಷಣ ಎಳೆಯುತ್ತದೆ. ಹಾಗಾಗಿ ಓದುವಾಗ ಇಂಜಿನ್ ಟಿಕ್ ಟಿಕ್ ಅಂತ ಕೂದಲೆಳೆಯಷ್ಟು ಮುಂದೆ ಜರಗುತ್ತಾ ಇರುತ್ತದೆ. ಶಬ್ದ ಮಾಡುವ ಡಿಕೋಡರ್‌ನಲ್ಲಿ ಸಿವಿಗಳು ಜಾಸ್ತಿ. ಒಂದಕ್ಕಂತೂ ಮುಕ್ಕಾಲು ಗಂಟೆ ಹಿಡಿಯಿತು, ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ.

ನಮ್ಮ ದೇಶದ ರೈಲುಗಳ ಮಾಡೆಲ್ ಮಾಡುವವರಿಗೆ ಒಂದು ಫಜೀತಿ ಇದೆ. ನಮ್ಮ ಇಂಜಿನ್ ನಂಬರು ಐದಂಕಿ. ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ 9999ರ ಆಚೆ ಹಾಕಲು ಬರುವುದಿಲ್ಲ. ಅದಕ್ಕೇ ನಾನು ಕೊನೆಯ ನಾಲ್ಕಂಕಿ ಮಾತ್ರ ಹಾಕುತ್ತೇನೆ. ಡಬ್ಲ್ಯೂಡಿಜಿ-3ಎ ಅನ್ನೋ ಡೀಸೆಲ್ ಗೂಡ್ಸ್ ಇಂಜಿನ್ನಿನ ಮಾಡೆಲ್ ಮೇಲೆ 13286 ಅಂತ ಬರೆದಿದ್ದರೆ, ವಿಳಾಸ, ಅಂದರೆ ರಿಮೋಟ್ ಅದನ್ನು ಕರೆಯುವ ನಂಬರು, 3286. ಈ ಉದ್ದ ವಿಳಾಸ ಸಿವಿ 17 ಮತ್ತು 18ರಲ್ಲಿ ಕೂರುತ್ತದೆ. 3286ನ್ನು 256ರಿಂದ ಭಾಗಿಸಿದರೆ 12, ಉಳಿದದ್ದು 214. ಆ 12ಕ್ಕೆ 192 ಕೂಡಿಸಿ 204ನ್ನು ಸಿವಿ 17ಕ್ಕೆ, 214ನ್ನು ಸಿವಿ 18ಕ್ಕೆ ಹಾಕಬೇಕು. ಜೊತೆಗೆ ಸಿವಿ 29ರಲ್ಲಿ ಉದ್ದ ವಿಳಾಸದ 32 ಸೇರಬೇಕು, ಇಲ್ಲದಿದ್ದರೆ ಇಂಜಿನ್ ಆ ನಂಬರಿಗೆ ಓಗೊಡುವುದಿಲ್ಲ. ಲೆಕ್ಕವನ್ನು ಸಾಫ್ಟ್‌ವೇರೇ ಮಾಡುತ್ತದೆ. ಆದರೂ ನೋಟ್‌ಬುಕ್‌ನಲ್ಲಿ ಕೈಯಿಂದ ಬರೆದಿಟ್ಟಿದ್ದೇನೆ. ಸಿವಿ 8ಕ್ಕೆ 8 ಬರೆದರೆ ಬಹಳಷ್ಟು ಡಿಕೋಡರ್‌ಗಳು ಹೊಸದರಂತಾಗಿ ವಿಳಾಸ 3ಕ್ಕೆ ಮರಳುತ್ತವೆ. ಆಗ ಈ ಪುಟವೇ ಗತಿ.

ಜೆಎಂಆರ್‌ಐ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವುದು ಸುಲಭ. ಆದರೆ ನನ್ನ ಲ್ಯಾಪ್‌ಟಾಪ್ ಲಿನಕ್ಸ್‌ನದು. ಅಲ್ಲಿ ಆ ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಹಾಗಾಗಿ ಸುಮ್ನೆ ನೋಡಿದರೆ ಕಾಣುವುದಿಲ್ಲ. ಜೆಎಂಆರ್‌ಐನ ಹೆಲ್ಪ್ ಮೆನುವಿನಲ್ಲಿ ‘ಲೊಕೇಶನ್ಸ್’ ಒತ್ತಿದರೆ ಎಲ್ಲಿದೆ ಅಂತ ತೋರಿಸುತ್ತದೆ.

ಮೆಗಾ ಬೋರ್ಡಿನ ಕಥೆ ಬೇರೆ. ಅದರೊಳಗೆ ಹಾಕಿದ ಪ್ರೋಗ್ರಾಮನ್ನು ನಾವು ಬರೆದ ರೂಪದಲ್ಲಿ ವಾಪಸ್ ತೆಗೆಯಲು ಬರುವುದಿಲ್ಲ. ಅದಕ್ಕೆ ನಾವು ತಿದ್ದಿದ ಕಾನ್ಫಿಗ್ ಫೈಲು ಮತ್ತು ಆಟೊಮೇಶನ್ ಫೈಲು ಎರಡನ್ನೂ ಬೇರೆ ಕಡೆ ಇಟ್ಟುಕೊಳ್ಳಬೇಕು. ಇಂಜಿನ್‌ಗಳ ಪಟ್ಟಿಯನ್ನೂ ಈಗ ಅದೇ ಆಟೊಮೇಶನ್ ಫೈಲಿನಲ್ಲಿ ಬರೆದಿದ್ದೇನೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೂಗಬೇಕಾದ ಹಾರ್ನಿನ ಹೆಸರಿಗೆ ಮೊದಲು ಒಂದು ನಕ್ಷತ್ರ ಚಿಹ್ನೆ, ಅಷ್ಟೇ. ಇದರಿಂದಾದ ಲಾಭ ದೊಡ್ಡದು: ಯಾವ ಹೊಸ ಮೊಬೈಲ್ ತಂದು ಜೋಡಿಸಿದರೂ ಹೆಸರು, ಗುಂಡಿ ಎಲ್ಲಾ ಬೋರ್ಡಿನಿಂದಲೇ ಇಳಿದು ಬರುತ್ತವೆ.

ಪಾಯಿಂಟ್‌ಗಳನ್ನು ಮೊದಲು ಆದೇಶ ಟೈಪ್ ಮಾಡಿ ಬೋರ್ಡಿನ ನೆನಪಿಗೆ ಹಾಕುತ್ತಿದ್ದೆ. ಅಲ್ಲಿ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರಕ್ಕೆ ಪಟ್ಟಿ ಉಳಿಯುತ್ತದೆ, ಸಣ್ಣ ‘ಇ’ಗೆ ಅಳಿಸಿಹೋಗುತ್ತದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ನಾನು ಯಾವುದನ್ನು ಒತ್ತಿರಬಹುದು ಅಂತ ನೀವೇ ಊಹಿಸಿ. ಅವೂ ಈಗ ಫೈಲಿನಲ್ಲೇ ಇವೆ.

ಮೊಬೈಲ್ ಭಾಗ ಚಿಕ್ಕದು. ಆ್ಯಪ್‌ನಲ್ಲಿ ಪರದೆ, ಗುಂಡಿಗಳನ್ನು ಮತ್ತೆ ಹೊಂದಿಸಿ ಎಕ್ಸ್‌ಪೋರ್ಟ್ ಮಾಡಿದೆ. ಈ ಸಲ ಫೈಲನ್ನು ಅಲ್ಲೇ ಬಿಡದೆ, ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಎಳೆದು, ಒಂದು ಪ್ರತಿ ನನಗೇ ಮೇಲ್ ಮಾಡಿಕೊಂಡೆ.

ಇಷ್ಟಾದ ಮೇಲೆ ಪರೀಕ್ಷೆ. ಮನೆಯವಳ ಹಳೇ ಮೊಬೈಲ್ ಕೇಳಿ ಪಡೆದು, ಖಾಲಿ ಮಾಡಿ, ಆ್ಯಪ್ ಹಾಕಿ, ಫೈಲು ಇಂಪೋರ್ಟ್ ಮಾಡಿದೆ. ಪರದೆ ಬಂತು, ಸರ್ವರ್ ಸಿಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಬೋರ್ಡಿನ ವೈಫೈನಲ್ಲಿ ಇಂಟರ್ನೆಟ್ ಇಲ್ಲವಲ್ಲ, ಮೊಬೈಲ್ ಜಾಣತನ ತೋರಿಸಿ ಸಿಮ್ಮಿನ ಡೇಟಾಗೆ ಜಾರುತ್ತಿತ್ತು. ಡೇಟಾ ಬಂದ್ ಮಾಡಿ, ವಿಳಾಸ 192.168.4.1, ಪೋರ್ಟ್ 2560 ಅಂತ ಕೈಯಿಂದ ಕೊಟ್ಟೆ. ಪಟ್ಟಿ ಸರಸರ ಇಳಿಯಿತು. ಜೆಎಂಆರ್‌ಐ ಮೂಲಕ ಹೋದರೆ ಪೋರ್ಟ್ 12090. ಎರಡನ್ನೂ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದು ಹಲಗೆಯ ಕೆಳಗೆ ನೇತುಹಾಕಿದ್ದೇನೆ.

ಮೊಬೈಲ್‌ಗಳು ಈಗ ಕೆಳಗಿನ ಮನೆಯ ಅಲಮಾರಿನಲ್ಲಿ ಇರುತ್ತವೆ, ಶಹಾಬಾದ್ ಕಲ್ಲಿನ ತಂಪಿನಲ್ಲಿ. ಆಡುವಾಗ ಮಾತ್ರ ಮೇಲೆ ಒಯ್ಯುತ್ತೇನೆ. ಒಂದು ಹಳೇ ಡಿಕೋಡರ್ ಮಾತ್ರ ಇನ್ನೂ ಬಾಕಿ ಉಳಿದಿದೆ. ಎಷ್ಟು ಸಲ ಓದಿಸಿದರೂ ಟಿಕ್ ಅನ್ನುವುದಿಲ್ಲ. ಚಕ್ರಕ್ಕೆ ಹಿಡಿದ ಕರಿ ಜಿಡ್ಡನ್ನು ಒರೆಸಿ, ಬರುವ ಭಾನುವಾರ ಇನ್ನೊಮ್ಮೆ ಹಳಿಗೆ ಇಡಬೇಕು.