ಟ್ಯಾಪೆಟ್ ಸದ್ದು ಪೂರ್ತಿ ನಿಲ್ಲಿಸಬೇಡಿ

"ಅಣ್ಣ, ಟಿಕ್ ಟಿಕ್ ಅಂತಿದೆ, ಸದ್ದೇ ಬರದ ಹಾಗೆ ಮಾಡ್ಕೊಡಿ." ಮಂಡ್ಯದ ನಮ್ಮ ಗ್ಯಾರೇಜಿಗೆ ಸ್ಪ್ಲೆಂಡರ್ ತರುವವರು ಹೆಚ್ಚಾಗಿ ಕೇಳುವುದು ಇದನ್ನೇ. ನಾನು ಒಪ್ಪುವುದಿಲ್ಲ. ಟ್ಯಾಪೆಟ್ ಅಂದರೆ ಎಂಜಿನ್ನಿನ ವಾಲ್ವ್ ಒತ್ತುವ ತುದಿಯ ಸ್ಕ್ರೂ, ಅದಕ್ಕೂ ವಾಲ್ವ್‌ಗೂ ನಡುವಿನ ಸಂದಿನಿಂದಲೇ ಆ ಟಿಕ್ ಟಿಕ್. ಸಣ್ಣಗೆ ಸದ್ದು ಮಾಡುವ ಟ್ಯಾಪೆಟ್‌ಗಿಂತ ಬಾಯಿ ಮುಚ್ಚಿಕೊಂಡಿರುವ ಟ್ಯಾಪೆಟ್ಟೇ ಎಂಜಿನ್ ಹಾಳು ಮಾಡೋದು.

ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವು ಟೂ ಸ್ಟ್ರೋಕ್. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಫೋರ್ ಸ್ಟ್ರೋಕಿನಲ್ಲಿ ಆ ಕೆಲಸ ವಾಲ್ವ್‌ಗಳದು, ಅಂದರೆ ಪೆಟ್ರೋಲ್-ಗಾಳಿ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಗೆ ಕಳಿಸುವ ಎಕ್ಸಾಸ್ಟ್ ಬಾಗಿಲುಗಳದು. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದರೆ ಟೈಮಿಂಗ್ ಚೈನ್ ಉಬ್ಬುಗಳಿರುವ ಕ್ಯಾಮ್ ದಂಡವನ್ನು ಒಂದು ಸುತ್ತು ತಿರುಗಿಸುತ್ತದೆ. ಕ್ಯಾಮಿನ ಉಬ್ಬು ರಾಕರ್ ಅನ್ನೋ ಸಣ್ಣ ತೋಳಿನ ಒಂದು ತುದಿ ಎತ್ತಿದಾಗ ಇನ್ನೊಂದು ತುದಿ ಏತದ ಹಾಗೆ ಬಗ್ಗಿ ವಾಲ್ವ್ ಒತ್ತುತ್ತದೆ. ಉಬ್ಬು ದಾಟಿದ ಕೂಡಲೇ ಸ್ಪ್ರಿಂಗ್ ವಾಲ್ವನ್ನು ವಾಪಸ್ ಸೀಟಿಗೆ, ಅಂದರೆ ಸಿಲಿಂಡರಿನ ತಲೆಭಾಗವಾದ ಹೆಡ್‌ನಲ್ಲಿ ಅದು ಕೂರುವ ಬಳೆಗೆ, ಕೂರಿಸುತ್ತದೆ. 6000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ.

ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಕಾದಾಗ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಅದು ಸೀಟಿಗೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಸೀಟಿನ ಮೂಲಕವೇ ಹೆಡ್‌ಗೆ ದಾಟಿಸೋದು. ಕೂರದಿದ್ದರೆ ಸುಟ್ಟುಹೋಗುತ್ತದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಹಿಡಿಯುವ ಶಕ್ತಿ, ಹೋಗಿದ್ದು ಮೊದಲು ಗೊತ್ತಾಗುವುದು ಕಾಲಿಗೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟರೆ ಕಿಕ್ಕರ್ ತಡೆಯೇ ಇಲ್ಲದೆ ಸುಮ್ನೆ ಇಳಿದುಬಿಡುತ್ತದೆ. ಹಾಗಾದರೆ ಎಂಜಿನ್ ಬಿಚ್ಚುವ ಮಾತು ಆಮೇಲೆ, ಮೊದಲು ಟ್ಯಾಪೆಟ್ ನೋಡಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತ ಗಾಡಿಯಾದರೆ ಒಳ್ಳೆಯದು. ಪ್ಲಗ್ ಬಿಚ್ಚಿ. ಹೆಡ್‌ನ ಮೇಲೆ, ಕೆಳಗೆ ಇರುವ ಎರಡು ಟ್ಯಾಪೆಟ್ ಮುಚ್ಚಳ ತೆಗೆಯಿರಿ. ಮೇಲಿನದು ಇನ್‌ಲೆಟ್, ಕೆಳಗಿನದು ಎಕ್ಸಾಸ್ಟ್. ಎಡಗಡೆ ಮ್ಯಾಗ್ನೆಟ್ ಕವರ್‌ನ ಎರಡು ಮುಚ್ಚಳಗಳನ್ನೂ ಬಿಚ್ಚಿ, ಟಿ ಸ್ಪ್ಯಾನರ್‌ನಿಂದ ಒಳಗಿನ ನಟ್ ಹಿಡಿದು ಗಡಿಯಾರಕ್ಕೆ ಎದುರಾಗಿ ತಿರುಗಿಸಿ. ಕಿಂಡಿಯಲ್ಲಿ ‘ಟಿ’ ಗುರುತಿನ ಗೆರೆ ಕವರಿನ ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸಿ. ಪಕ್ಕದಲ್ಲೇ ‘ಎಫ್’ ಇರುತ್ತದೆ, ಅದಲ್ಲ.

ಈಗ ರಾಕರ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡೂ ಸಡಿಲ ಇದ್ದರೆ ಕಂಪ್ರೆಷನ್ ಸ್ಟ್ರೋಕ್, ಎರಡು ವಾಲ್ವೂ ಮುಚ್ಚಿವೆ, ಸಂದು ನೋಡಬಹುದು. ಬಿಗಿ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ.

ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಕೈ ಹಾಕಲೇಬೇಡಿ. ಇಂಥ ಸಣ್ಣ ಗಾಡಿಗಳಿಗೆ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗೇ ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಕೊನೆಯ ಮಾತು. ರಾಕರ್ ತುದಿಯ ಸ್ಕ್ರೂ ಹಿಡಿದಿರುವ ಲಾಕ್ ನಟ್ ಸಡಿಲಿಸಿ, ಆ ಅಳತೆಯ ಎಲೆಗೆ ಒಂದು ಹನಿ ಆಯಿಲ್ ಸವರಿ ಸಂದಿಗೆ ತೂರಿಸಿ, ಸ್ಕ್ರೂ ನಿಧಾನಕ್ಕೆ ಇಳಿಸುತ್ತಾ ಎಲೆ ಎಳೆದು ನೋಡಿ. ಸಲೀಸಾಗಿ ಜಾರಿದರೆ ಜಾಸ್ತಿ ಸಂದು. ತೂರಿಸುವಾಗ ಮಡಚಿಕೊಂಡರೆ ಬಿಗಿ. ಬೆರಳಿಗೆ ತುಸು ಹಿಡಿತ ಗೊತ್ತಾಗುತ್ತಾ ಎಳೆಯಲು ಬರಬೇಕು. ಸ್ಕ್ರೂ ಅಲುಗದ ಹಾಗೆ ಕೀಲಿಯಲ್ಲಿ ಹಿಡಿದು ನಟ್ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೆ ಗೇಜ್ ಹಾಕಲೇಬೇಕು, ನಟ್ ಜೊತೆ ಸ್ಕ್ರೂ ಕೂಡ ಒಂಚೂರು ತಿರುಗಿರುತ್ತದೆ. ಇಲ್ಲಿ ಆತುರ ಬೇಡ. ಮುಚ್ಚಳ ಹಾಕುವಾಗ ರಬ್ಬರ್ ರಿಂಗ್ ಸೀಳಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಆಯಿಲ್ ಸೋರುತ್ತದೆ.

ಹೈಡ್ರಾಲಿಕ್ ಟ್ಯಾಪೆಟ್ ಇರುವ ಬುಲೆಟ್‌ಗೆ ಇದು ಬೇಕಿಲ್ಲ, ಅಲ್ಲಿ ಆಯಿಲ್ ಒತ್ತಡವೇ ಸಂದು ತುಂಬಿಕೊಳ್ಳುತ್ತದೆ.

ಅಳತೆ ಸರಿ ಇದ್ದೂ ಸದ್ದು ಜೋರಾಗಿದ್ದರೆ ರಾಕರ್ ತುದಿ, ಕ್ಯಾಮ್ ಅಥವಾ ಟೈಮಿಂಗ್ ಚೈನ್ ಸವೆದಿರಬಹುದು. ಅದನ್ನು ಮುಚ್ಚಲು ಸ್ಕ್ರೂ ಇನ್ನಷ್ಟು ಇಳಿಸಿ ಅಂತ ಯಾರಾದರೂ ಹೇಳಿದರೆ ಗಾಡಿ ವಾಪಸ್ ತಂದುಬಿಡಿ.